ಅರ್ಧ ಮಿಲ್ಲಿಮೀಟರ್ ಸೋಲು

ಫಿರಂಗಿ ಕೂರಲಿಲ್ಲ.

ಬಡಗಿ ಮೂರು ತಿಂಗಳು ಕೂತು ತೇಗದ ಮರದಲ್ಲಿ ಮಾಡಿದ ಪುಟ್ಟ ಫಿರಂಗಿ ಗಾಡಿ ಮೇಜಿನ ಮೇಲೆ ನಿಂತಿತ್ತು. ಅಸಲಿನ ಹತ್ತರಲ್ಲೊಂದು ಅಳತೆ. ಎರಡು ಚಕ್ರ, ಹಿಂದಕ್ಕೆ ಚಾಚಿ ನೆಲ ಮುಟ್ಟುವ ಬಾಲ. ಅದರ ಹಿತ್ತಾಳೆಯ ನಳಿಗೆಯನ್ನು ಲೇತ್ ಅಂಗಡಿಯವಳು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ನಳಿಗೆಯ ಎರಡೂ ಪಕ್ಕ ಒಂದೊಂದು ಗುಂಡನೆಯ ತೋಳು, ಗಾಡಿಯ ಎರಡೂ ಹಲಗೆಯಲ್ಲಿ ಅವು ಕೂರಲು ಒಂದೊಂದು ಕಚ್ಚು. ತೋಳು ಬಂತು, ಕರೆಯದೆ ಬಂದ ನೆಂಟನ ಹಾಗೆ ಹೊಸ್ತಿಲಲ್ಲೇ ನಿಂತುಬಿಟ್ಟಿತು.

"ನಿಮ್ಮ ಕಚ್ಚು ಸಣ್ಣದಾಯ್ತು," ಅಂದಳು.

"ನಿಮ್ಮ ತೋಳು ದಪ್ಪ ಆಯ್ತು," ಅಂದ. ಅಂದ ಮೇಲೆ ಕಿವಿ ಕೆಂಪಾಯಿತು. "ಫಿರಂಗಿದು."

ಅಂಗಡಿಯ ಇನ್ನರ್ಧದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಅವನ ಅಕ್ಕ ಅಂಟಿನ ಬ್ರಶ್ ಎತ್ತಿದವಳು ಎತ್ತಿದ ಹಾಗೇ ಕೂತಳು.

ಶನಿವಾರ ಈ ಮಾದರಿ ಮ್ಯೂಸಿಯಂಗೆ ಸೇರಬೇಕು. ಸೇರಿದರೆ ಕೆಲಸ ಮುಗಿಯಿತು. ಕೆಲಸ ಮುಗಿದರೆ ಇವಳು ಈ ಬಾಗಿಲಿಗೆ ಬರಲು ಕಾರಣವೇ ಇಲ್ಲ. ಬಡಗಿ ವಾರದಿಂದ ಮುಗಿದ ಚಕ್ರಗಳಿಗೇ ಮತ್ತೆ ಮತ್ತೆ ಪಾಲಿಶ್ ಹಾಕುತ್ತಿದ್ದುದು ಅದಕ್ಕೆ. ಆದರೆ ಅವಳು ಎದುರಿಗೆ ನಿಂತರೆ ಅವನ ಬಾಯಲ್ಲಿ ಬರುತ್ತಿದ್ದುದು ಬರೀ ಅಳತೆ.

ಅವಳು ಚಕ್ರಗಳ ಕಡೆ ಬಗ್ಗಿ, ಇದರ ಕಡ್ಡಿಗಳೆಲ್ಲ ಸೊಟ್ಟಗಿವೆಯಲ್ಲ ಎಂದು ನಕ್ಕಳು. ಬಗ್ಗಿದಾಗ ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲ್ ಜಾರಿತು. ಅದನ್ನು ಅವನು ಗಾಳಿಯಲ್ಲೇ ಹಿಡಿದ. ಹಿಡಿದದ್ದನ್ನು ಕೊಡಲು ಮರೆತ.

"ಸೊಟ್ಟ ಅಲ್ಲ, ಬೇಕಂತಲೇ ತಟ್ಟೆ ಥರ ಮಾಡಿರೋದು. ಗುಂಡು ಹಾರಿದಾಗ ಗಾಡಿ ಅಲ್ಲಾಡುತ್ತಲ್ಲ, ನೆಟ್ಟಗಿರೋ ಕಡ್ಡಿ ಮುರಿಯುತ್ತೆ. ವಾಲಿರೋದು ತಡ್ಕೊಳ್ಳುತ್ತೆ."

"ಹಾಗಾದ್ರೆ ನೀವ್ಯಾಕೆ ಇಷ್ಟು ನೆಟ್ಟಗೆ?"

ಅಕ್ಕ ಕೆಮ್ಮಿದಳು.

ವಾದ ಮತ್ತೆ ಕಚ್ಚಿಗೆ ಬಂತು. ತನ್ನ ವರ್ನಿಯರ್ ಮಾಪಕ ಸುಳ್ಳು ಹೇಳುವುದಿಲ್ಲವೆಂದು ತೋರಿಸಲು ಅವಳು ಅದರ ಎರಡು ಹಲ್ಲುಗಳ ನಡುವೆ ಅವನ ಉಂಗುರದ ಬೆರಳನ್ನೇ ಬುಡದಲ್ಲಿ ಹಿಡಿದಳು. ಹದಿನೆಂಟು ಪಾಯಿಂಟ್ ನಾಲ್ಕು, ಎಂದು ಓದಿದಳು. ಉಕ್ಕು ತಣ್ಣಗಿತ್ತು, ಅವಳ ಕೈ ಬೆಚ್ಚಗಿತ್ತು. ಅದು ಹದಿನೆಂಟೋ ಎಂಬತ್ತೋ ಅವನಿಗೆ ಗೊತ್ತಾಗಲಿಲ್ಲ.

ಅಸಲಿಗೆ ಇಬ್ಬರ ಅಳತೆಯೂ ಸರಿ. ಮ್ಯೂಸಿಯಂ ಅಂಗಳದಲ್ಲಿ ಫಿರಂಗಿ ಒಂದು ಕಡೆ, ಮುರಿದ ಗಾಡಿ ಇನ್ನೊಂದು ಕಡೆ ಬಿದ್ದು ಎಷ್ಟೋ ವರ್ಷವಾಗಿತ್ತು, ವರ್ಷಕ್ಕೊಮ್ಮೆ ಯಾರೋ ಎರಡಕ್ಕೂ ಬಣ್ಣ ಬಳಿಯುತ್ತಿದ್ದರು. ಅವಳು ಬಣ್ಣ ತಿಂದು ದಪ್ಪವಾದ ತೋಳನ್ನು ಅಳೆದಿದ್ದಳು. ಅವನು ಬಣ್ಣ ತುಂಬಿ ಕಿರಿದಾದ ಕಚ್ಚನ್ನು. ಆದರೆ ಇದನ್ನು ಯೋಚಿಸುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ. ಕೂದಲೆಳೆಯಷ್ಟೂ ಬದಲಾಯಿಸುವುದಿಲ್ಲ ಎಂದು ಅವಳು ಹೇಳಿ ಹೋದಳು. ನಾನೂ ಅಷ್ಟೇ, ಎಂದು ಅವನು ಖಾಲಿ ಬಾಗಿಲಿಗೆ ಹೇಳಿದ. ಅವಳ ಪೆನ್ಸಿಲ್ ಇನ್ನೂ ಅವನ ಕೈಯಲ್ಲಿತ್ತು.

ಕಡಿದ ಮರ ಮತ್ತೆ ಬೆಳೆಯಲ್ಲ ಎನ್ನುವುದು ಅವನ ಜೀವನದ ಒಂದೇ ಸಿದ್ಧಾಂತ. ಒಮ್ಮೆ ಮಾಡಿದ ಅಳತೆಯನ್ನು ಅಪ್ಪ ಹೇಳಿದರೂ ತಿದ್ದಿದವನಲ್ಲ; ಅಕ್ಕ ಅವನನ್ನು ಅಳತೆರಾಯ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಅಂಥವನು ಮರುದಿನ ಮಧ್ಯಾಹ್ನ ಊಟ ಬಿಟ್ಟು, ಅಕ್ಕನಿಗೆ ಬೆನ್ನು ತಿರುಗಿಸಿ ಕೂತು, ಸಣ್ಣ ಅರ ಹಿಡಿದು ಎರಡೂ ಕಚ್ಚುಗಳನ್ನು ಅರ್ಧ ಮಿಲ್ಲಿಮೀಟರ್ ಅಗಲ ಮಾಡಿದ. ಮರದ ಪುಡಿ ಊದಿದಾಗ ಎದೆ ಹಗುರವಾಯಿತು. ಸೋಲು ಇಷ್ಟು ಸುಖವಾಗಿರುತ್ತದೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಗುರುವಾರ ಅವಳು ಬಂದಳು. ಕಣ್ಣಲ್ಲಿ ಏನೋ ಬಚ್ಚಿಟ್ಟ ನಗು. ನಳಿಗೆಯನ್ನು ಕಚ್ಚಿನಲ್ಲಿಟ್ಟಳು.

ಗಡಗಡ ಎಂದು ಅಲ್ಲಾಡಿತು. ಹಲ್ಲು ಹೋದ ಬಾಯಲ್ಲಿ ಹುರಿಗಡಲೆ ಇದ್ದ ಹಾಗೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀವು ಕಚ್ಚು ಉಜ್ಜಿದ್ರಾ?"

"ನೀವು ತೋಳು ಸಣ್ಣ ಮಾಡಿದ್ರಾ?"

"ನೀವು ಬದಲಾಯಿಸಲ್ಲ ಅಂದಿದ್ರಲ್ಲ."

"ನೀವೂ ಅಂದಿದ್ರಿ."

"ಥೂ ನಿಮ್ಮ," ಅಂದಳು ಅಕ್ಕ, ರಟ್ಟಿನ ಹಿಂದಿನಿಂದ. "ಜಗಳ ಆಡೋಕೂ ಬರಲ್ಲ, ರಾಜಿ ಆಗೋಕೂ ಬರಲ್ಲ. ಒಬ್ಬರು ಸೋತಿದ್ರೆ ಸಾಕಿತ್ತು ಕಣ್ರೋ."

ಲೇತ್ ಅಂಗಡಿಯವಳು ನಗಲು ಶುರು ಮಾಡಿ ಮೇಜು ಹಿಡಿದು ಬಗ್ಗಿದಳು. ಬಡಗಿಯೂ ನಕ್ಕ. ನಗು ನಿಂತಾಗ ಇಬ್ಬರೂ ಸ್ವಲ್ಪ ಹತ್ತಿರ ನಿಂತಿದ್ದರು, ಯಾರು ಎಷ್ಟು ಸರಿದರೆಂದು ಯಾವ ವರ್ನಿಯರ್‌ಗೂ ಗೊತ್ತಿಲ್ಲ. ತೋಳಿಗೂ ಕಚ್ಚಿಗೂ ನಡುವೆ ತೆಳ್ಳನೆಯ ಹಿತ್ತಾಳೆ ಬಳೆ ಹಾಕಿದರೆ ಆಯಿತು, ನಾಳೆ ಮಾಡಿ ತರುತ್ತೇನೆ ಎಂದು ಅವಳು ಹೊರಟಳು.

ಶುಕ್ರವಾರ ತಂದಳು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಎರಡು ಬಳೆ. ತೋಳಿಗೆ ಏರಿಸಿ ಇಟ್ಟರೆ, ನಳಿಗೆ ಉಸಿರು ಬಿಟ್ಟ ಹಾಗೆ ಕಚ್ಚಿನಲ್ಲಿ ಇಳಿದು ಕೂತಿತು. ಮುಗಿಯಿತು. ಬಡಗಿಯ ಮುಖ ಸಣ್ಣದಾಯಿತು.

ಅವಳು ಕರವಸ್ತ್ರದಿಂದ ಮೂರನೆಯದನ್ನು ತೆಗೆದು ಮೇಜಿನ ಮೇಲಿಟ್ಟಳು.

ಅವನು ಅದನ್ನು ಬೆಳಕಿಗೆ ಹಿಡಿದ, ಅಳೆದ, ಹುಬ್ಬು ಗಂಟಿಕ್ಕಿದ. "ಇದು ತಪ್ಪಾಗಿದೆ ನೋಡಿ. ತೋಳು ಎಂಟೂವರೆ. ಇದು ಹದಿನೆಂಟು ಪಾಯಿಂಟ್..."

ಅಕ್ಕ ಹಣೆ ಚಚ್ಚಿಕೊಂಡಳು.

"...ನಾಲ್ಕು," ಎಂದು ಅವನು ಮೆಲ್ಲಗೆ ಮುಗಿಸಿದ.

"ಅದು ಫಿರಂಗಿಗಲ್ಲ," ಅಂದಳು ಅವಳು, ಚಕ್ರದ ಕಡ್ಡಿಗಳನ್ನು ಎಣಿಸುತ್ತಾ.

ಅವನು ಉಂಗುರ ಹಾಕಿಕೊಂಡ. ಬೆರಳಿನ ಗೆಣ್ಣಿನ ಹತ್ತಿರ ಬಂದು ಅದು ನಿಂತುಬಿಟ್ಟಿತು. ಅಳೆದದ್ದು ಬುಡ, ಗೆಣ್ಣು ಅದಕ್ಕಿಂತ ಅರ್ಧ ಮಿಲ್ಲಿಮೀಟರ್ ದಪ್ಪ.

"ಇದನ್ನ ಸರಿ ಮಾಡೋಕೆ ಭಾನುವಾರವೂ ಬರಬೇಕಾಗುತ್ತೆ," ಅಂದಳು, ಅವನ ಕಡೆ ನೋಡದೆ.

"ಬನ್ನಿ. ಸೋಮವಾರನೂ ಬನ್ನಿ. ಫಿರಂಗಿ ಇಲ್ಲದಿದ್ರೂ ಬನ್ನಿ." ಒಂದೇ ಉಸಿರಲ್ಲಿ ಇಷ್ಟು ಮಾತು ಅವನು ಆಡಿದ್ದು ಅದೇ ಮೊದಲು. ಅದರಲ್ಲಿ ಒಂದೂ ಅಳತೆ ಇರಲಿಲ್ಲ.

ಅವಳು ಈಗ ನೋಡಿದಳು. ಕೈ ಚಾಚಿ, ಅವನ ಕಿವಿಯ ಹಿಂದೆ ಮೂರು ದಿನದಿಂದ ಕೂತಿದ್ದ ತನ್ನ ಪೆನ್ಸಿಲನ್ನು ತೆಗೆದುಕೊಂಡಳು.

"ಆದ್ರೆ ಈ ಸಲ ಯಾರು ಸೋಲೋದು ಅಂತ ಮೊದಲೇ ಮಾತಾಗಿರಲಿ. ಉಂಗುರ ನಾನು ದೊಡ್ಡದು ಮಾಡ್ತೀನಿ. ನೀವು ಬೆರಳು ಮುಟ್ಟೋ ಹಾಗಿಲ್ಲ."

"ಸರಿ," ಅಂದ ಅಳತೆರಾಯ.

ಅಕ್ಕನಿಗೆ ತಮ್ಮನ ಮೇಲೆ ನಂಬಿಕೆ ಇರಲಿಲ್ಲ. ಎದ್ದು ಬಂದು, ಮೇಜಿನ ಮೇಲಿದ್ದ ಅರವನ್ನೂ ಸ್ಯಾಂಡ್ ಪೇಪರನ್ನೂ ಎತ್ತಿಕೊಂಡು ಹೋಗಿ ತನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು.