ಸೋಮವಾರದ ಹೊರೆ

“ನೀನಾ?!”

ಹನೂರಿನ ಹತ್ತಿರದ ಗುಡ್ಡದ ಬುಡದಲ್ಲಿ ಬಸವೇಶನನ್ನು ಕಂಡೊಡನೆ ರತ್ನ ಗಕ್ಕನೆ ನಿಂತಳು.

ಮೂರು ವರ್ಷದ ಹಿಂದೆ ಮುಳ್ಳೂರಿನ ಶೆಡ್ಡಿನಲ್ಲಿ ಇಬ್ಬರೂ ಸೇರಿ ಡ್ರೋನ್ ಕಟ್ಟುತ್ತಿದ್ದರು. ಒಂದು ದಿನ ಅವನು ಹೇಳದೆ ಕೇಳದೆ ಹೊರಟೇಹೋದ. ಈಗ ಅವನು, ಎಷ್ಟೋ ವರ್ಷದಿಂದ ಸೇನೆಗೆ ಸರಕು ಕೊಡುತ್ತಿರುವ ದೊಡ್ಡ ಕಂಪನಿಯ ಮನುಷ್ಯ!

“ಚೆನ್ನಾಗಿದ್ದೀಯಾ ರತ್ನ?”

“ಪರೀಕ್ಷೆ ಮುಗೀಲಿ, ಯೋಳ್ತೀನಿ.”

ಇಪ್ಪತ್ತು ಕಿಲೋ ಹೊತ್ತು ಡ್ರೋನ್ ಗುಡ್ಡದ ತುದಿ ಮುಟ್ಟಬೇಕು. ದೊಡ್ಡ ಕಂಪನಿಯದು ಆಗಲೇ ಮುಟ್ಟಿತ್ತು. ರತ್ನಳದೂ ಮುಟ್ಟಿದರೆ ಸೇನೆಯ ಅರ್ಧ ಆರ್ಡರ್ ಅವಳಿಗೆ. ಇಲ್ಲದಿದ್ದರೆ ಐದು ಜನರ ಆ ಪುಟ್ಟ ಕಂಪನಿಗೆ ಬೀಗ.

ಅಧಿಕಾರಿ ಸೀಲು ಹಾಕಿದ ಐದು ಮರಳು ಚೀಲ ತೂಗಿ ಕೊಟ್ಟರು. ಅವನ್ನು ಡ್ರೋನಿನ ಬಲೆಯೊಳಗಿಟ್ಟು ಕಟ್ಟುವುದು ರತ್ನಳ ಕಂಪನಿಯ ಕೆಂಪಾಜಮ್ಮನ ಕೆಲಸ. ಮೊದಲು ರೇಷ್ಮೆ ನೂಲು ತೆಗೆಯುತ್ತಿದ್ದ ಕೈ, ಗಂಟು ಎಂದೂ ಜಾರಿದ್ದಿಲ್ಲ. ಬಸವೇಶ ಅಲ್ಲೇ ಸುಳಿದಾಡುತ್ತಿದ್ದ.

ಡ್ರೋನ್ ಹಾರಿತು. ರತ್ನ ಕೂರಲಾರಳು, ನಿಲ್ಲಲಾರಳು...

ವೈರ್‌ಲೆಸ್‌ನಲ್ಲಿ ತುದಿಯಿಂದ ದನಿ ಬಂತು. “ಹನ್ನೆರಡು ಕಿಲೋ ಮಾತ್ರ ಇದೆ ಸರ್!”

ಅಧಿಕಾರಿ ಮುಖ ಗಂಟಿಕ್ಕಿದರು. “ಇದು ಮೋಸ ಅಲ್ವೇನಮ್ಮಾ?”

ಅಷ್ಟರಲ್ಲಿ ರತ್ನಳ ವ್ಯಾನಿನ ಹಿಂದಿನಿಂದ ಬಸವೇಶ ಬಂದ. ಎರಡು ಕೈಯಲ್ಲೂ ಒಂದೊಂದು ಮರಳು ಚೀಲ!

“ಬಿಟ್ಟೋಗಿದ್ದು ಸಾಲ್ದೇನೋ ನಿಂಗೆ? ಕಳ್ಳ!”

ಅವನು ಚೀಲಗಳನ್ನು ಅಧಿಕಾರಿಯ ಮುಂದಿಟ್ಟ.

“ಅವ್ನ ಬಯ್ಬ್ಯಾಡ ಕನವ್ವ!” ಕೆಂಪಾಜಮ್ಮ ಅಳುತ್ತಾ ಓಡಿಬಂದಳು. “ನಾನೇ ತಗ್ದು ವ್ಯಾನಿನ ಇಂದ್ಕೆ ಮಡುಗ್ದೆ. ಇವತ್ತು ಸೋಮಾರ ಅಲ್ವಾ... ಎತ್ತಿಗೇ ನೊಗ ಕಟ್ಟಲ್ಲ. ನಮ್ ಬಾರ ಒರೋ ಈ ಡ್ರೋನೂ ಬಸವನೇ ಅಲ್ವಾ? ಅದ್ಕೇ ಒಸಿ ಅಗೂರ ಮಾಡ್ದೆ!”

ನಗಬೇಕೋ, ಅಳಬೇಕೋ! ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುವ ಗಾದೆ ನಮ್ಮ ರತ್ನಳಿಗೆ ನೆನಪಾದದ್ದು ಬೈದು ಮುಗಿಸಿದ ಮೇಲೆ.

“ಸೀಲು ಒಡ್ದಿಲ್ಲ ನೋಡಿ ಸಾ. ಇವ್ರಿಗೆ ಇನ್ನೊಂದ್ ಚಾನ್ಸ್ ಕೊಡಿ” ಎಂದ ಬಸವೇಶ.

“ನೀವು ಎದುರು ಕಂಪನಿಯವರಲ್ವಾ?”

“ಆದ್ರೂ ಕಂಡದ್ದ ಯೋಳ್ಬೇಕಲ್ಲ ಸಾ.”

ಅಧಿಕಾರಿ ಮರುದಿನಕ್ಕೆ ಒಪ್ಪಿದರು.

ಮಂಗಳವಾರ ಕೆಂಪಾಜಮ್ಮ ಐದೂ ಚೀಲ ಎಣಿಸಿ ಕಟ್ಟಿದಳು. ವೈರ್‌ಲೆಸ್‌ನಲ್ಲಿ ತುದಿಯಿಂದ ಕೇಳಿತು, “ಇಪ್ಪತ್ತು! ಸರಿಯಾಗಿದೆ ಸರ್!”

ರತ್ನ ಎಲ್ಲರನ್ನೂ ಬಿಟ್ಟು ಬಸವೇಶನ ಬಳಿಗೇ ನಡೆದಳು.

“ನಿಮ್ ಕಂಪ್ನಿಯೋರು ಏನಂದ್ರು?”

“ನಾಳಿಂದ ಬರ್ಬ್ಯಾಡ ಅಂದ್ರು.”

“ಅವತ್ತು ಯಾಕ್ ಬಿಟ್ಟೋದೆ?”

“ನಾ ಮಾಡಿದ್ ಮೂರೂ ಡ್ರೋನ್ ಬಿದ್ದೋದ್ವು. ನಿನ್ ಮಖ ನೋಡಕೇ ಆಗ್ನಿಲ್ಲ ರತ್ನ...”

ಅವಳ ಕಣ್ಣು ತುಂಬಿತು. “ಡ್ರೋನ್ ಬಿದ್ರೆ ಇನ್ನೊಂದ್ ಕಟ್ತಿದ್ದೆ. ನೀನೇ ಬಿಟ್ಟೋದ್ಮೇಲೆ ಏನ್ ಕಟ್ಲಿ?”

“ಕಳ್ಳ ಅಂದಲ್ಲ... ಇನ್ನೂ ನಾ ಬೇಕಾ?”

“ಬೇಕು. ಇರ್ತೀಯಾ?”

“ಇರ್ತೀನಿ ಕನೆ. ಇನ್ನು ನೀ ಓಗು ಅಂದ್ರೂ ಓಗಲ್ಲ.”