ಗುರುವಾರದ ಅಪ್‌ಡೇಟ್

ನಮ್ಮ ವೆಬ್‌ಸೈಟು ಶುರುವಾದ ಮೊದಲ ದಿನ, ಬೆಳಿಗ್ಗೆ ಒಂಬತ್ತೂವರೆಗೆ, ಅಂಗಡಿಯ ಮುಂದೆ ಇಪ್ಪತ್ತಮೂರು ಜನ ನಿಂತಿದ್ದರು. ಎಲ್ಲರ ಫೋನಿನಲ್ಲೂ ಒಂದೇ ಮಾತು ಬರೆದಿತ್ತು: ನಿಮ್ಮ ಯಂತ್ರ ಸಿದ್ಧವಾಗಿದೆ.

ಸಿದ್ಧವಾಗಿದ್ದದ್ದು ನಾಲ್ಕು. ಉಳಿದ ಹತ್ತೊಂಬತ್ತು ಹೊಲಿಗೆ ಯಂತ್ರಗಳು ಬೆಂಚಿನ ಮೇಲೆ, ಬೆಂಚಿನ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದವು. ರಿಪೇರಿ ಮಾಡುವವಳು ನಾನು. ಕೌಂಟರು ಅತ್ತಿಗೆಯದು. ಅಣ್ಣನಿಗೆ ಎಣ್ಣೆಯ ವಾಸನೆ ಆಗದು, ಅವನು ಬೇರೆ ಕೆಲಸ ನೋಡಿಕೊಂಡ. ಅವನ ಹೆಂಡತಿ ಅಂಗಡಿಗೆ ಬಂದಳು. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೇ ನಡೆಸಿಕೊಂಡು ಬಂದಿದ್ದೇವೆ.

ವೆಬ್‌ಸೈಟು ಅತ್ತಿಗೆಯ ಯೋಚನೆ. ಗಿರಾಕಿಗಳು ಮನೆಯಲ್ಲಿ ಕೂತೇ ಟೋಕನ್ ನಂಬರು ಹಾಕಿ ತಮ್ಮ ಯಂತ್ರದ ಗತಿ ಏನಾಯಿತೆಂದು ನೋಡಬಹುದು, ದಿನಕ್ಕೆ ಐವತ್ತು ಸಲ ಫೋನು ಎತ್ತುವುದು ತಪ್ಪುತ್ತದೆ ಎಂದಿದ್ದಳು. ಮಾಡಿಕೊಟ್ಟವರ ಮುಖ ನಾನು ನೋಡಿರಲಿಲ್ಲ. ಆದರೂ ಫೋನು ಮಾಡಿ ಬಾಯಿಗೆ ಬಂದದ್ದನ್ನು ಅಂದೆ. ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದರು. ಇಪ್ಪತ್ತು ನಿಮಿಷಕ್ಕೆ ಬಂದರು.

ಐವತ್ತು ದಾಟಿದ, ಉದ್ದನೆಯ ಆಳು. ಅಂಗಿಯ ಎಡತೋಳಿನ ಗುಂಡಿ ಕಿತ್ತುಹೋಗಿತ್ತು, ಆ ಜಾಗಕ್ಕೆ ಸ್ಟೇಪ್ಲರ್ ಪಿನ್ನು ಹೊಡೆದುಕೊಂಡಿದ್ದರು. ಹೊಲಿಗೆ ಯಂತ್ರದ ಅಂಗಡಿಗೆ ಹಾಗೆ ಬರಲಿಕ್ಕೂ ಧೈರ್ಯ ಬೇಕು. ನನ್ನ ಹತ್ತಿರ ಬರುವ ಮೊದಲು ಹತ್ತೊಂಬತ್ತು ಜನರ ಹತ್ತಿರವೂ ಹೋದರು. ತಪ್ಪು ತಮ್ಮದು, ಅಂಗಡಿಯವರದಲ್ಲ ಎಂದು ಒಬ್ಬೊಬ್ಬರಿಗೂ ಹೇಳಿದರು. ಒಬ್ಬಾಕೆ ಅವರನ್ನು ಬೈದಳು. ಅದನ್ನೂ ಪೂರ್ತಿ ಕೇಳಿಸಿಕೊಂಡರು.

ಬೈಸಿಕೊಳ್ಳಲು ಬರುವ ಗಂಡಸನ್ನು ನಾನು ಹೆಚ್ಚು ನೋಡಿಲ್ಲ. ಉಳಿಸಿಕೊಂಡಿದ್ದ ಎರಡು ಮಾತು ನನ್ನ ಬಾಯಲ್ಲೇ ಉಳಿದವು.

ಆಮೇಲೆ ಕಂಪ್ಯೂಟರಿನ ಮುಂದೆ ಕೂರಿಸಿ ವಿವರಿಸಿದರು. ಪುಟ, ಚಿತ್ರ, ಟೋಕನ್ ಪಟ್ಟಿ ಎಲ್ಲವನ್ನೂ ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆಗೆ ಸಿಎಂಎಸ್ ಎನ್ನುತ್ತಾರಂತೆ. ಅದರಲ್ಲಿ ನಮ್ಮ ಸೈಟು ಎರಡಿದೆ. ಒಂದು ಊರಿಗೆಲ್ಲ ಕಾಣುವುದು. ಇನ್ನೊಂದು ಅದರ ನಕಲು, ನಮಗೆ ಮಾತ್ರ ಕಾಣುವುದು. ಏನೇ ಬದಲಾಯಿಸುವುದಿದ್ದರೂ ಮೊದಲು ನಕಲಿನಲ್ಲಿ ಮಾಡಿ ನೋಡಬೇಕು. ಸರಿ ಬಂದರೆ ಊರಿಗೆ ಕಾಣುವ ಸೈಟಿಗೆ ಕಳಿಸಬೇಕು. ಹಾಗೆ ಕಳಿಸುವುದಕ್ಕೆ ಡಿಪ್ಲಾಯ್ ಎಂದು ಹೆಸರು. ಅವರು ನಕಲಿನಲ್ಲಿ ಪರೀಕ್ಷೆಗೆಂದು ಎಲ್ಲ ಟೋಕನ್ನುಗಳನ್ನೂ ಸಿದ್ಧ ಎಂದು ಗುರುತು ಮಾಡಿದ್ದರು. ಅವಸರದಲ್ಲಿ ಆ ಪಟ್ಟಿಯೂ ಜೊತೆಗೆ ಹೋಗಿಬಿಟ್ಟಿತ್ತು.

ನಾವೂ ಹಾಗೇ, ರಿಪೇರಿ ಆದ ಯಂತ್ರವನ್ನು ಮೊದಲು ಚಿಂದಿ ಬಟ್ಟೆಯ ಮೇಲೆ ಓಡಿಸುತ್ತೇವೆ, ಆಮೇಲೇ ಗಿರಾಕಿಯ ಬಟ್ಟೆ ಎಂದೆ.

"ಅದೇ ಮೇಡಂ," ಎಂದರು. "ನಾನು ಚಿಂದಿ ಬಟ್ಟೇನೇ ಗಿರಾಕಿ ಕೈಗೆ ಕೊಟ್ಟುಬಿಟ್ಟೆ."

ನಗಲಿಲ್ಲ ಅವರು. ಕಣ್ಣು ಮಾತ್ರ ಒಂದು ಕ್ಷಣ ನನ್ನ ಕಡೆ ಬಂದು, ನಾನು ನಗುತ್ತೇನೋ ಎಂದು ನೋಡಿ, ಮತ್ತೆ ಪರದೆಗೆ ಹೋಯಿತು. ನಾನೂ ನಗಲಿಲ್ಲ. ಅತ್ತಿಗೆ ಕೌಂಟರಿನ ಹಿಂದೆ ನಕ್ಕಳು.

ನನಗೊಂದು ಲಾಗಿನ್ ಮಾಡಿಕೊಟ್ಟರು. ಪುಟ ಬರೆಯುವುದು, ಚಿತ್ರ ಹಾಕುವುದು, ಟೋಕನ್ ಬದಲಿಸುವುದು ನನ್ನ ಕೆಲಸ. ಅಪ್‌ಡೇಟ್ ಮಾಡುವುದು, ಬ್ಯಾಕಪ್ ತೆಗೆಯುವುದು, ಡಿಪ್ಲಾಯ್ ಮಾಡುವುದು ಅವರ ಕೆಲಸ. ವಾರಕ್ಕೊಮ್ಮೆ, ಅಂಗಡಿಗೇ ಬಂದು, ನಮ್ಮ ಕಂಪ್ಯೂಟರಿನಲ್ಲೇ ಕೂತು ಮಾಡಬೇಕು ಎಂದರು. ಗುರುವಾರ ನಮ್ಮದು ಅರ್ಧ ದಿನ. ಮಧ್ಯಾಹ್ನ ಷಟರ್ ಬಾಗಿಲು ಅರ್ಧ ಕೆಳಗೆಳೆದ ಮೇಲೆ ಬನ್ನಿ ಎಂದೆ.

ಎಂಟು ತಿಂಗಳು ಬಂದರು. ಒಂದು ಗುರುವಾರವೂ ತಪ್ಪಲಿಲ್ಲ.

ಹೆಂಡತಿ ಬಿಟ್ಟುಹೋಗಿ ಹನ್ನೆರಡು ವರ್ಷವಾಯಿತಂತೆ. ಅದನ್ನು ಕೇಳಿ ತಿಳಿದುಕೊಂಡವಳು ಅತ್ತಿಗೆ. ನನಗೆ ಮದುವೆಯಾಗಿಲ್ಲ ಎಂದು ಹೇಳಿದವಳೂ ಅವಳೇ. ನಾವಿಬ್ಬರು ಅಂಥದ್ದೇನೂ ಮಾತಾಡಲಿಲ್ಲ. ನಾನು ಬೆಂಚಿನಲ್ಲಿ, ಅವರು ಕಂಪ್ಯೂಟರಿನಲ್ಲಿ. ಮಧ್ಯೆ ಮೂರು ಹೆಜ್ಜೆ ಜಾಗ.

ಒಮ್ಮೆ ಹಳೆಯ ಕಾಲುಯಂತ್ರವೊಂದರ ಹೊಲಿಗೆ ತಪ್ಪುತ್ತಿತ್ತು. ಸೂಜಿ ಕೆಳಗಿಳಿದು ಮೇಲೇಳುವ ಹೊತ್ತಿಗೆ ಶಟಲಿನ ಮೂತಿ ಬಂದು ದಾರ ಹಿಡಿಯಬೇಕು. ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ಹೊಲಿಗೆ ಬೀಳುವುದಿಲ್ಲ. ನಾನು ಚಕ್ರ ತಿರುಗಿಸಿ ನೋಡುತ್ತಿದ್ದಾಗ ಅವರು ಎದ್ದು ಬಂದು ಪಕ್ಕದಲ್ಲಿ ಬಗ್ಗಿ ನಿಂತರು. ಸೂಜಿಯನ್ನು ನೋಡುತ್ತಿದ್ದಾರೆ ಎಂದುಕೊಂಡೆ. ತಲೆ ಎತ್ತಿದರೆ ನನ್ನ ಬೆರಳನ್ನು ನೋಡುತ್ತಿದ್ದರು. ಸಿಕ್ಕಿಬಿದ್ದದ್ದು ತಿಳಿದರೂ ಕಣ್ಣು ತೆಗೆಯಲಿಲ್ಲ. ಆ ಕಣ್ಣು ನಿಧಾನವಾಗಿ ನನ್ನ ಮುಖದವರೆಗೆ ಬಂತು. ಕಂಪ್ಯೂಟರಿನಲ್ಲಿ ಅಪ್‌ಡೇಟ್ ಆಗಲೇ ಮುಗಿದಿದೆ ಎಂದೆ. ಗೊತ್ತು ಎಂದರು.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಸೈಟಿನಲ್ಲಿ ಏನೂ ಕೆಡದ ವಾರಗಳು ಬರತೊಡಗಿದವು. ಅವರು ಬಂದು, ಹದಿನೈದು ನಿಮಿಷಕ್ಕೆ ಕೆಲಸ ಮುಗಿದು, ಹೋಗಲೇ ಎಂಬಂತೆ ನಿಲ್ಲುತ್ತಿದ್ದರು. ಒಂದು ಬುಧವಾರ ಸಂಜೆ ನಾನು ಕೆಳದಾರ ಸುತ್ತುವ ಬಾಬಿನ್ನಿನ ಪುಟದ ಚಿತ್ರವನ್ನು ಅಳಿಸಿದೆ. ಕೈ ತಪ್ಪಿ ಅಲ್ಲ. ಮರುದಿನ ಅವರು ಅದನ್ನು ಹುಡುಕಿ ಹಾಕಲು ಒಂದು ಗಂಟೆ ತೆಗೆದುಕೊಂಡರು. ಆಮೇಲಿನ ಬುಧವಾರಗಳಲ್ಲಿ ಬೆಲ್ಟಿನ ಪುಟ ಹೋಯಿತು, ಸೂಜಿ ನಂಬರಿನ ಪಟ್ಟಿ ತಲೆಕೆಳಗಾಯಿತು. ಸೈಟಿಗೆ ದೃಷ್ಟಿ ತಾಕಿದೆ ಎಂದಳು ಅತ್ತಿಗೆ.

ಟೈಲರಿಂಗ್ ಶಾಲೆಯ ಟೀಚರಮ್ಮ ಬಂದದ್ದು ಆ ಸಮಯದಲ್ಲಿ. ಶಾಲೆಯ ಹನ್ನೊಂದು ಯಂತ್ರಗಳನ್ನು ಸರ್ವಿಸಿಗೆ ಬಿಟ್ಟು, ಚಹಾ ಕುಡಿಯುತ್ತ ಕೂತಿದ್ದರು. ನಾನು ಟೋಕನ್ ಹಾಕುವುದನ್ನು ನೋಡಿ, ತಮ್ಮ ಶಾಲೆಯದೂ ಇದೇ ಸಿಎಂಎಸ್ ಎಂದರು. ಅಪ್‌ಡೇಟ್ ಯಾರು ಮಾಡುತ್ತಾರೆ ಎಂದು ಕೇಳಿದೆ. ತಾವೇ, ಎರಡು ನಿಮಿಷದ ಕೆಲಸ, ಎಲ್ಲಿ ಕೂತಾದರೂ ಮಾಡಬಹುದು ಎಂದರು. ಆಮೇಲೆ ಲೋಟ ಕೆಳಗಿಟ್ಟು ನಮ್ಮ ಪರದೆಯ ಹತ್ತಿರ ಬಗ್ಗಿದರು.

"ನಿಮ್ಮ ಮೆನು ಅರ್ಧ ಇಲ್ವಲ್ಲ," ಎಂದರು. "ನಿಮಗೆ ಎಡಿಟರ್ ಅಂತ ಮಾತ್ರ ಕೊಟ್ಟಿದ್ದಾರೆ. ಅಡ್ಮಿನ್ ಕೊಟ್ಟಿಲ್ಲ. ನಿಮ್ಮದೇ ಮನೆ, ಅರ್ಧ ಕೋಣೆಗೆ ಅವರ ಬೀಗ."

ಟೀಚರಮ್ಮ ಹೋದ ಮೇಲೆ ಒಂದು ಯಂತ್ರವನ್ನು ಬಿಚ್ಚಿ, ಮತ್ತೆ ಜೋಡಿಸಿ, ಮತ್ತೆ ಬಿಚ್ಚಿದೆ. ಗುರುವಾರಕ್ಕೆ ಎರಡು ದಿನವಿತ್ತು. ಫೋನು ಮಾಡಲಿಲ್ಲ. ಇದು ಫೋನಿನಲ್ಲಿ ಆಡುವ ಮಾತಲ್ಲ.

ನಮ್ಮ ಕಸುಬಿನಲ್ಲಿ ಒಂದು ಬಗೆಯ ನೀಚನಿದ್ದಾನೆ. ರಿಪೇರಿ ಮಾಡಿ ಕೊಡುವಾಗ ಒಳಗೆ ಒಂದು ಸ್ಕ್ರೂ ಸಡಿಲ ಬಿಟ್ಟು ಕಳಿಸುತ್ತಾನೆ. ಗಿರಾಕಿ ತಿಂಗಳೊಳಗೆ ಅವನ ಹತ್ತಿರವೇ ಬರಬೇಕು. ನಮ್ಮಲ್ಲೇ ಕೆಲಸಕ್ಕಿದ್ದ ಅಂಥ ಒಬ್ಬನನ್ನು ಅಪ್ಪ ಕೈಯ ಸ್ಪ್ಯಾನರ್ ಕಿತ್ತುಕೊಂಡು ಬೀದಿಗೆ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗುರುವಾರ ಅವರು ಬಗ್ಗಿ, ಅರ್ಧ ಎಳೆದ ಬಾಗಿಲಿನೊಳಗೆ ಬಂದರು. ಕೂರಲು ಬಿಡಲಿಲ್ಲ ನಾನು. ಅಪ್‌ಡೇಟ್ ಎಷ್ಟು ನಿಮಿಷದ ಕೆಲಸ ಎಂದು ಕೇಳಿದೆ. ಎರಡು ಎಂದರು. ಎಲ್ಲಿ ಕೂತು ಮಾಡಬಹುದು ಎಂದೆ. ಎಲ್ಲಿ ಬೇಕಾದರೂ ಎಂದರು. ಸುಳ್ಳು ಹೇಳಲು ನೋಡಲಿಲ್ಲ. ಅದಕ್ಕೂ ಸಿಟ್ಟು ಬಂತು.

"ಹಳ್ಳಿ ಶಾಲೇಲಿ ಓದಿದವಳು, ತಿಳಿಯೋದಿಲ್ಲ ಅಂದ್ಕೊಂಡ್ರಾ? ಸ್ಕ್ರೂ ಸಡಿಲ ಬಿಟ್ಟು ಕಳಿಸೋರನ್ನ ನಮ್ಮಪ್ಪ ಈ ಮೆಟ್ಟಿಲು ಹತ್ತಿಸ್ತಾ ಇರಲಿಲ್ಲ."

"ನಿಮಗೆ ತಿಳಿಯೋದಿಲ್ಲ ಅಂತಲ್ಲ," ಎಂದರು ಅವರು. "ಎಲ್ಲಾ ಕಲಿಸಿಬಿಟ್ಟರೆ ಬರೋದಕ್ಕೆ ಬೇರೆ ಕಾರಣ ಇರಲಿಲ್ಲ."

ನಾನು ಬಾಗಿಲು ತೋರಿಸಿದೆ. ಒಂದು ನಿಮಿಷ ಕೊಡಿ ಎಂದು ಕಂಪ್ಯೂಟರಿನ ಮುಂದೆ ನಿಂತುಕೊಂಡೇ ಏನೋ ಒತ್ತಿದರು. ನನ್ನ ಮೆನುವಿನಲ್ಲಿ ಇಲ್ಲದ ಅರ್ಧ ಬಂತು. ಆಮೇಲೆ ಬಳಕೆದಾರರ ಪಟ್ಟಿಯಿಂದ ತಮ್ಮ ಹೆಸರನ್ನು ನನ್ನ ಕಣ್ಣೆದುರೇ ತೆಗೆಸಿದರು. ಆ ಗುಂಡಿಯನ್ನು ನಾನೇ ಒತ್ತಬೇಕಾಯಿತು, ಅಡ್ಮಿನ್ ತನ್ನನ್ನು ತಾನೇ ಅಳಿಸಿಕೊಳ್ಳಲು ಅದು ಬಿಡುವುದಿಲ್ಲವಂತೆ. ಖಚಿತವೇ ಎಂದು ಪರದೆ ಕೇಳಿತು. ಒತ್ತಿದೆ. ಅವರು ಬಗ್ಗಿ ಹೊರಗೆ ಹೋದರು.

ಅತ್ತಿಗೆ ರಸೀದಿ ಪುಸ್ತಕಗಳನ್ನು ಜೋಡಿಸುತ್ತಿದ್ದಳು. ಬಹಳ ಹೊತ್ತು ಜೋಡಿಸಿದಳು.

"ಬೈದದ್ದು ಸರಿ," ಎಂದಳು ಕೊನೆಗೆ. "ಅವರು ಅಂದದ್ದು ಕಿವಿಗೆ ಬಿತ್ತಾ?"

ಕೇಳಿಸಿದೆ ಎಂದೆ.

"ಕೇಳಿಸಿದ ಮುಖ ಅಲ್ಲ ಅದು. ಇರಲಿ, ಬುಧವಾರ ಬುಧವಾರ ಸೈಟಿಗೆ ದೃಷ್ಟಿ ಹಾಕ್ತಾ ಇದ್ದದ್ದು ಯಾರು ಅಂತ ನಾನೇನು ಕೇಳೋದಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಬೆಂಚಿಗೆ ತಿರುಗಿ ಕೂತೆ.

ಅವರು ಅಂದೇ ಸಂಜೆ ಹದಿನಾಲ್ಕು ಪುಟ ಬರೆದು ಕಳಿಸಿದರು. ಬ್ಯಾಕಪ್ ಹೇಗೆ ತೆಗೆಯುವುದು, ನಕಲು ಹೇಗೆ ಮಾಡುವುದು, ಯಾವುದು ಕೆಟ್ಟರೆ ಯಾವುದನ್ನು ಮೊದಲು ನೋಡುವುದು, ಎಲ್ಲ ಇತ್ತು. ಒಂದು ಸ್ಕ್ರೂ ಕೂಡ ಸಡಿಲವಿರಲಿಲ್ಲ. ಸ್ವಂತ ಮಾತು ಒಂದೂ ಇರಲಿಲ್ಲ.

ಮೊದಲ ಗುರುವಾರ ನಾನು ಏನೂ ಮಾಡಲಿಲ್ಲ. ಎರಡನೆಯದೂ ಹಾಗೇ ಹೋಯಿತು. ಮೂರನೆಯ ಗುರುವಾರ ಪುಟಗಳನ್ನು ಪಕ್ಕಕ್ಕಿಟ್ಟುಕೊಂಡು ಕೂತೆ. ಬ್ಯಾಕಪ್ ತೆಗೆದೆ. ನಕಲಿನಲ್ಲಿ ಅಪ್‌ಡೇಟ್ ಮಾಡಿದೆ. ಟೋಕನ್ ಪುಟ ಒಡೆದುಹೋಯಿತು. ಒಂಬತ್ತನೇ ಪುಟ ನೋಡಿ, ಸೈಟಿಗೆ ಜೋಡಿಸಿದ್ದ, ಪ್ಲಗಿನ್ ಎನ್ನುವ ಹಳೆಯ ಬಿಡಿಭಾಗವೊಂದನ್ನು ನಿಲ್ಲಿಸಿ, ಮತ್ತೆ ಮಾಡಿದೆ. ಸರಿ ಬಂತು. ಅತ್ತಿಗೆಯನ್ನು ಕರೆದು ಅವಳ ಫೋನಿನಿಂದ ಹತ್ತು ಟೋಕನ್ ಹಾಕಿಸಿ ನೋಡಿದೆ. ಆಮೇಲೆ ಡಿಪ್ಲಾಯ್ ಒತ್ತಿದೆ. ಊರಿಗೆ ಕಾಣುವ ಸೈಟು ಸರಿಯಾಗಿ ಓಡಿತು.

ಖುಷಿಯಾಗಬೇಕಿತ್ತು. ಅರ್ಧ ಎಳೆದ ಬಾಗಿಲಿನ ಕೆಳಗೆ ರಸ್ತೆಯಲ್ಲಿ ಹೋಗುವವರ ಕಾಲು ಕಾಣುತ್ತಿತ್ತು. ಯಾವ ಕಾಲೂ ನಿಲ್ಲಲಿಲ್ಲ.

ಹೊಸ ಮೆನುವಿನಲ್ಲಿ ಚಟುವಟಿಕೆ ದಾಖಲೆ ಎಂಬುದೊಂದಿತ್ತು. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ಮಾಡಿದರು ಎಂಬುದು ಅದರಲ್ಲಿ ಇರುತ್ತದೆ. ತೆರೆದೆ. ಬುಧವಾರ, ಸಂಜೆ ಆರೂ ಹತ್ತು, ನನ್ನ ಹೆಸರು, ಚಿತ್ರ ಅಳಿಸಲಾಗಿದೆ. ಅದರ ಮೇಲಿನ ಸಾಲಿನಲ್ಲಿ ಅದೇ ಬುಧವಾರ, ಆರೂ ಇಪ್ಪತ್ತೈದು, ಅವರು ಲಾಗಿನ್ ಆಗಿ ಅದೇ ದಾಖಲೆಯನ್ನು ನೋಡಿದ್ದರು. ಮುಂದಿನ ಬುಧವಾರವೂ ಹಾಗೇ. ಅದರ ಮುಂದಿನದೂ. ಪ್ರತಿ ಸಲವೂ ನಾನು ಮಾಡಿದ್ದು ಅವರಿಗೆ ಆವತ್ತೇ ಗೊತ್ತಾಗಿತ್ತು. ಪಕ್ಕದಲ್ಲೇ, ಅಳಿಸಿದ್ದನ್ನು ಮರಳಿ ತರುವ ಗುಂಡಿಯೂ ಇತ್ತು. ಒಂದೇ ಒತ್ತು. ಗುರುವಾರ ಬಂದು ಅದಕ್ಕೆ ಒಂದು ಗಂಟೆ ತೆಗೆದುಕೊಂಡಿದ್ದರು.

ನಾನು ಸ್ಕ್ರೂವಿನ ಮಾತೆತ್ತಿ ಬೈದ ದಿನ ಅವರು ಇದನ್ನು ಹೇಳಬಹುದಿತ್ತು. ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಹತ್ತೊಂಬತ್ತು ಜನರ ಮುಂದೆ ಹೇಗೆ ನಿಂತಿದ್ದರೋ ಹಾಗೇ ನಿಂತು ಕೇಳಿಸಿಕೊಂಡು ಹೋಗಿದ್ದರು.

ಮೂರು ದಿನ ತಡೆದೆ. ಸೋಮವಾರ ಮಧ್ಯಾಹ್ನ ಕೈಯ ಎಣ್ಣೆ ತೊಳೆದುಕೊಂಡೆ. ಎಲ್ಲಿಗೆ ಎಂದು ಅತ್ತಿಗೆ ಕೇಳಲಿಲ್ಲ. ಕೌಂಟರಿನ ಕನ್ನಡಿಯನ್ನು ನನ್ನ ಕಡೆಗೆ ತಿರುಗಿಸಿದಳು, ಅಷ್ಟೇ. ಕೆನ್ನೆಯ ಮೇಲೆ ಗ್ರೀಸು ಇತ್ತು.

ಅವರ ಕೋಣೆ ಒಂದು ಕನ್ನಡಕದ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ. ಎರಡು ಮೇಜು, ಮೂರು ಪರದೆ, ನೆಲದ ತುಂಬ ವೈರು. ಬಾಗಿಲು ತೆರೆದೇ ಇತ್ತು. ನನ್ನನ್ನು ನೋಡಿ ಎದ್ದು ನಿಂತರು. ಮೊದಲು ಕೇಳಿದ್ದು ಸೈಟಿಗೆ ಏನಾಯಿತು ಎಂದು.

"ಏನೂ ಆಗಿಲ್ಲ. ಅಪ್‌ಡೇಟ್ ನಾನೇ ಮಾಡಿದೆ. ಚೆನ್ನಾಗಿ ಓಡ್ತಾ ಇದೆ."

ಒಂಬತ್ತನೇ ಪುಟ ಬೇಕಾಯಿತೇ ಎಂದರು. ಬೇಕಾಯಿತು ಎಂದೆ. ತಲೆಯಾಡಿಸಿದರು. ಆಮೇಲೆ ಇಬ್ಬರಿಗೂ ಕೆಲಸದ ಮಾತು ಮುಗಿಯಿತು. ಕೆಳಗೆ ಯಾರೋ ಗಾಡಿ ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ.

ದಾಖಲೆ ನೋಡಿದೆ ಎಂದೆ. ಅವರ ಮುಖ ಕೆಂಪಾಯಿತು. ತಪ್ಪು ಮಾಡಿದವಳು ನಾನು, ಕೆಂಪಾದದ್ದು ಅವರು.

"ಬೈಯೋವಾಗ ಯಾಕೆ ಹೇಳಲಿಲ್ಲ?"

"ನೀವು ಮಾಡಿದ್ದು ನನಗೆ ಇಷ್ಟ ಆಗಿತ್ತು," ಎಂದರು. "ಇಷ್ಟ ಆದದ್ದನ್ನ ಜಗಳಕ್ಕೆ ತರೋದು ಬೇಡ ಅನ್ನಿಸ್ತು. ಮತ್ತೆ ನಂದು ತಪ್ಪೇ. ಬೀಗ ಹಾಕಬಾರದಿತ್ತು."

ಹೌದು, ಹಾಕಬಾರದಿತ್ತು ಎಂದೆ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ, ಈಗಲೂ ಇಲ್ಲ. ಬುಧವಾರದ್ದು ನನ್ನ ತಪ್ಪು ಎಂದೂ ಹೇಳಿದೆ. ನಲವತ್ತಾರು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಎಷ್ಟು ಸಲ ಬಂದಿದೆ ಎಂದು ಅತ್ತಿಗೆಯನ್ನು ಕೇಳಿದರೆ ಬೆರಳು ಮಡಚಿ ಹೇಳುತ್ತಾಳೆ.

"ಇನ್ನು ಸೈಟಿಗೆ ನೀವು ಬೇಡ," ಎಂದೆ. "ನಾನೇ ನೋಡ್ಕೋತೀನಿ. ಯಾವ ಕೆಲಸಾನೂ ಇಲ್ಲದೆ ಗುರುವಾರ ಬರೋದಕ್ಕೆ ಆಗುತ್ತಾ ನಿಮಗೆ?"

ಅವರು ನನ್ನನ್ನೇ ನೋಡುತ್ತಿದ್ದರು. ಈ ಸಲ ಬೆರಳಿನಿಂದ ಶುರು ಮಾಡಲಿಲ್ಲ.

"ಕೆಲಸ ಇಲ್ಲದೆ ಒಬ್ಬರ ಎದುರು ಕೂತು ಅಭ್ಯಾಸ ತಪ್ಪಿಹೋಗಿದೆ ನನಗೆ," ಎಂದರು.

"ನನಗೆ ಅಭ್ಯಾಸವೇ ಆಗಿಲ್ಲ. ಕಲೀಬೇಕು."

ಕೆಳಗೆ ಗಾಡಿ ಶುರುವಾಗಿ ಹೋಯಿತು. ಅವರು ಕ್ಯಾಲೆಂಡರಿನ ಕಡೆ ನೋಡಿದರು.

"ಇವತ್ತು ಬರೀ ಸೋಮವಾರ," ಎಂದರು.

ನನಗೂ ಗೊತ್ತು ಎಂದೆ.

ಅವರು ಮೂರು ಪರದೆಗಳನ್ನೂ ಆರಿಸಿ, ಬಾಗಿಲು ಎಳೆದು ಬೀಗ ಹಾಕಿ, ನನ್ನ ಜೊತೆ ಮೆಟ್ಟಿಲಿಳಿದರು.