ಮಲಗಿಸದ ಬೊಂಬೆ

“ತಗೊಂಡು ಹೋಗ್ಲೇಬೇಕು ಅಂದ್ರೆ ಹೋಗಮ್ಮ. ಆದರೆ ವಿಜಯದಶಮಿ ದಿನ ಇವನನ್ನ ಮಲಗಿಸೋದು ಮಾತ್ರ ತಪ್ಪಿಸಬೇಡ,” ಎಂದರು ಚಂದ್ರಮೌಳಿ.

ಅಮೆರಿಕದ ನೋವೈ ಊರಿನ ಮನೆ ಮಾರಿ ಮಗಳ ಊರಿಗೆ ಹೊರಟಿದ್ದ ಈ ನಿವೃತ್ತ ಡಾಕ್ಟರು, ತೀರಿಹೋದ ಹೆಂಡತಿಯ ದಸರಾ ಬೊಂಬೆಗಳನ್ನೆಲ್ಲ ಪರಿಚಯದ ಇಂದುವಿಗೆ ಕೊಡುತ್ತಿದ್ದರು. ಬೇಸ್‌ಮೆಂಟಿನ ಮೂಲೆಯ ಪೆಟ್ಟಿಗೆಯಲ್ಲಿ ಈ ಮರದ ಮನುಷ್ಯ ಅಂಗಾತ ಮಲಗಿದ್ದ. ಕಾಲುಗಳು ಅಳತೆ ಮೀರಿ ಉದ್ದ. ಊದಿದ ಮಂಡಿಗಳು. ತಲೆಗೆ ನಿಜವಾದ ಕೂದಲು. ಪೆಟ್ಟಿಗೆ ತೆರೆದಾಗ ಹಳೆಯ ಬೆವರಿನ ವಾಸನೆ ಬಂತು.

“ಯಾರಂಕಲ್ ಇದು?”

“ಹಿಂದೆ ಈ ಕಡೆ ಶೋಗಳಲ್ಲಿ ವಿಚಿತ್ರ ಮೈಕಟ್ಟಿನ ಮನುಷ್ಯರನ್ನ ಟಿಕೆಟ್ ಇಟ್ಟು ತೋರಿಸೋರು. ಇವನು ತುಂಬಾ ಎತ್ತರ. ಕೂತರೆ ಎತ್ತರ ಕಾಣಲ್ಲ ಅಂತ ದಿನವಿಡೀ ನಿಲ್ಲಿಸ್ತಿದ್ರು. ನಿಂತಲ್ಲೇ ಸತ್ತ. ಅವನ ಕೂದಲಿಟ್ಟು ಅವನ ತಾಯಿ ಇದನ್ನ ಮಾಡಿ ಮಾಟ ಹಾಕಿದ್ಲಂತೆ. ಇವನಿಗೆ ಮಲಗೋಕೆ ಬಿಡದೆ ತೋರಿಸಿದೋರು ಇವನ ಹಾಗೇ ನಿಲ್ಲಬೇಕು ಅಂತ.”

“ಡಾಕ್ಟರಾಗಿ ನೀವು ಇದನ್ನ ನಂಬ್ತೀರಾ?” ಇಂದು ನಕ್ಕಳು.

“ಪದ್ಮನೂ ನಂಬಲಿಲ್ಲ. ಹೋದ ದಸರಾಕ್ಕೆ ಮಲಗಿಸೋದು ಮರೆತಳು. ಆಮೇಲೆ ಅವಳ ಬೆನ್ನು ಹಾಸಿಗೆಗೆ ತಾಗಿದ್ದು ಉಸಿರು ಹೋದಮೇಲೇ.”

ಹೆಂಡತಿ ಸತ್ತ ಸಂಕಟಕ್ಕೆ ಮುದುಕರಿಗೆ ತಲೆ ಕೆಟ್ಟಿದೆ ಎಂದುಕೊಂಡು ಇಂದು ಪೆಟ್ಟಿಗೆಯನ್ನು ಕಾರಿಗಿಟ್ಟಳು.

ಇಂದುವಿನ ಹೊಸ ಮನೆಯ ಮೊದಲ ಬೊಂಬೆ ಹಬ್ಬ. ಫೋಟೋ ನೋಡಿ ಎಲ್ಲರೂ ಫೋನಿನಲ್ಲಿ ಕೇಳಿದ್ದು ಮೇಲಿನ ಮೆಟ್ಟಿಲಿನ ಆ ಉದ್ದನೆಯವನ ಬಗ್ಗೆಯೇ. ವಿಜಯದಶಮಿ ಗುರುವಾರ ಬಂತು. ಆದರೆ ಈ ದೇಶದಲ್ಲಿ ದೇವರೂ ಶನಿವಾರಕ್ಕೆ ಕಾಯಬೇಕು, ನೆಂಟರು ಬರುವುದು ಆವತ್ತೇ. ಫಾರ್ಮಸಿಯ ಕೌಂಟರಿನಲ್ಲಿ ಇಡೀ ದಿನ ನಿಂತು ಬಂದ ಇಂದುವಿಗೆ ಮೈಯೆಲ್ಲ ಸೋತಿತ್ತು.

“ಮಾಮ್, ಹೀ ಲುಕ್ಸ್ ಟೈರ್ಡ್,” ಎಂದಳು ಮಗಳು ಸಿಯಾ.

“ಶನಿವಾರ ಎಲ್ಲರೂ ನೋಡ್ಲಿ ಪುಟ್ಟಿ, ಆಮೇಲೆ ಮಲಗಿಸೋಣ.”

ಆ ರಾತ್ರಿ ಇಂದುವಿಗೆ ನಿದ್ದೆ ಬರಲಿಲ್ಲ. ಮಲಗಿದರೆ ಸೊಂಟ ತಾನಾಗಿ ಮೇಲೇಳುತ್ತಿತ್ತು. ಕೆಲಸ ಹೆಚ್ಚಾಯಿತು ಎಂದುಕೊಂಡು ಮಾತ್ರೆ ನುಂಗಿದಳು. ಶುಕ್ರವಾರ ಕಾರಿನಲ್ಲಿ ಕೂರುವುದೇ ಕಷ್ಟವಾಯಿತು. ಶನಿವಾರ ಸಂಜೆ ಉಸಲಿಗೆ ಒಗ್ಗರಣೆ ಹಾಕುವಾಗ ಇಂಗಿನ ವಾಸನೆಯನ್ನೂ ಮೀರಿ ಆ ಬೆವರು ನಾರಿತು. ಕುರ್ಚಿ ಎಳೆದುಕೊಂಡಳು. ಮಂಡಿ ಮಡಚಲಿಲ್ಲ.

ಆಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಮುದುಕರ ಮಾತು ನೆನಪಾಗಿ ಗೋಡೆ ಹಿಡಿದುಕೊಂಡು ಬೊಂಬೆಯ ಬಳಿ ಹೋದಳು. ಅವನನ್ನು ಎತ್ತಿದಳು. ಮಲಗಿಸಿದಳು. ಮರ ಕಿರುಗುಟ್ಟಿತು. ಅವನ ಮಂಡಿಗಳು ಮೆಲ್ಲಗೆ ಮಡಚಿಕೊಂಡವು. ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ಇಂದು ಬಿಟ್ಟದ್ದಲ್ಲ.

ತಡವಾಗಿತ್ತು. ಅವಳ ಕಾಲು ಮರಗಟ್ಟಿತು. ಬೆನ್ನು ಸೆಟೆಯಿತು. ಮೂಳೆಗಳು ಜಗ್ಗಿ ಉದ್ದವಾದವು. ನೆಲಕ್ಕೆ ತಾಗುತ್ತಿದ್ದ ರೇಷ್ಮೆ ಸೀರೆ ಪಾದ ಬಿಟ್ಟು ಮೇಲೇರಿತು. ಕೂಗಬೇಕೆಂದುಕೊಂಡಳು. ದನಿ ಏಳಲಿಲ್ಲ. ಬಾಗಿಲ ಗಂಟೆ ಸದ್ದಾಯಿತು. ಸಿಯಾ ಓಡಿಹೋಗಿ ತೆರೆದಳು.

ಬಂದವರು ಬೊಂಬೆ ಮೆಟ್ಟಿಲುಗಳತ್ತ ನೋಡಿದರು. ಆಮೇಲೆ ಇಂದುವಿನತ್ತ. ಒಂದು ಮಗು ತಲೆ ಎತ್ತಿ, “ಆಂಟಿ ಈಸ್ ಸೋ ಟಾಲ್,” ಎಂದಿತು. ಒಬ್ಬರು ಫೋಟೋಗೆಂದು ಫೋನ್ ಎತ್ತಿದರು. ಇನ್ನೊಬ್ಬರೂ ಎತ್ತಿದರು.

ಮಲಗಿಸಿ, ಯಾರಾದರೂ ನನ್ನನ್ನು ಮಲಗಿಸಿ ಎಂದು ಇಂದುವಿನ ಕಣ್ಣು ಬೇಡುತ್ತಿತ್ತು.

“ಇಂದು, ಸ್ವಲ್ಪ ಹೊತ್ತು ಹಾಗೇ ನಿಂತಿರಿ,” ಎಂದಳು ಗೆಳತಿ ಆಶ್ರಿತಾ. “ನಮ್ಮವರು ಕಾರ್ ಪಾರ್ಕ್ ಮಾಡಿ ಬರ್ತಿದಾರೆ. ಅವರೂ ನೋಡ್ಲಿ.”